ಹೊಲಿಗೆ ಮೇಜಿನ ಮೇಲಿನ ಕಂಪ್ಯೂಟರ್

ನವೆಂಬರ್ ೧೪, ಗುರುವಾರ

ಹನ್ನೊಂದು ದಿನಗಳಿಂದ ಅತ್ತಿಗೆಯ ಕಂಪ್ಯೂಟರ್ ಮಧ್ಯಾಹ್ನ ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಸಂಜೆ ನಾನು ಬಂದು ನೋಡಿದರೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು. "ನಿನ್ನ ಕಂಡ್ರೆ ಅದಕ್ಕೆ ಭಯ ಕಣೋ," ಎಂದು ಅತ್ತಿಗೆ ಮೊದಮೊದಲು ನಗುತ್ತಿದ್ದರು. ನಾನು ಪ್ರತಿ ಸಲವೂ, "ನೀವೇ ಏನೋ ಒತ್ತಿರ್ತೀರಿ ಬಿಡಿ," ಎನ್ನುತ್ತಿದ್ದೆ. ಮೊನ್ನೆ ಅವರು ನಗಲಿಲ್ಲ. ಈ ಟೈಪಿಂಗ್ ಕೆಲಸ ತನ್ನ ಕೈಗೆ ಒಗ್ಗುವುದಿಲ್ಲ, ಬಿಟ್ಟುಬಿಡುತ್ತೇನೆ ಎಂದರು.

ಇಂದು ರಜೆ ಹಾಕಿ ಪಕ್ಕದಲ್ಲೇ ಕುಳಿತೆ. ಎರಡೂವರೆಗೆ ಅಮ್ಮ ದಿನದಂತೆ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಹೊಲಿಗೆ ಯಂತ್ರ ಓಡಿಸಿದರು. ಮೇಜು ನಡುಗಿತು, ಪರದೆ ಅಲ್ಲೇ ನಿಂತಿತು. ಕಂಪ್ಯೂಟರ್ ಬಿಚ್ಚಿ ನೋಡಿದರೆ ರ‍್ಯಾಮ್ ಎಂಬ ಮೆಮೊರಿ ಪಟ್ಟಿ ಒಂದು ಬದಿಯಲ್ಲಿ ಸಡಿಲವಾಗಿತ್ತು; ಅಲುಗಿದರೆ ಸಂಪರ್ಕ ತಪ್ಪುತ್ತಿತ್ತು. ಹೋದ ತಿಂಗಳು ಧೂಳು ಒರೆಸಿ ಅದನ್ನು ಕೂರಿಸಿದವನು ನಾನೇ.

"ಅಯ್ಯೋ, ನನ್ನಿಂದಾನಾ?" ಅಮ್ಮ ಪೆಡಲ್ ಮೇಲಿಂದ ಕಾಲು ತೆಗೆದರು.

"ಇಲ್ಲಮ್ಮ, ನನ್ನಿಂದ."

"ಹಾಗಾದ್ರೆ ನಾನೇನೂ ಒತ್ತಿಲ್ಲ ತಾನೇ?" ಎಂದು ಅತ್ತಿಗೆ ಕೇಳಿದರು. ಇಲ್ಲ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೊಮ್ಮೆ ಕೇಳಿದರು.

ನನ್ನ ಪುಸ್ತಕದಲ್ಲಿ ಹನ್ನೊಂದು ದಿನದ್ದೂ ಸಂಜೆ ಕೇಳಿ ಬರೆದಿಟ್ಟಿದ್ದೇನೆ: ಎಷ್ಟು ಗಂಟೆಗೆ ನಿಂತಿತು, ಅತ್ತಿಗೆ ಆಗ ಏನು ಮಾಡುತ್ತಿದ್ದರು. ಬೇರೆ ಯಾರ ಬಗ್ಗೆಯೂ ಒಂದು ಸಾಲಿಲ್ಲ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಬೆಳಿಗ್ಗೆ ಅವರು ಟೈಪಿಂಗ್‌ಗೆ ಕೂರುವ ಮೊದಲೇ ಹೇಳಿಬಿಡಬೇಕು.