ಹುಣಸೆಕೆರೆ ಸ್ಟೇಷನ್ನಿನ ಚರಿತ್ರೆಯ ಬೋರ್ಡು

ರಾಮನಗರ
12-11-2025

ಮಗಳು ಕೆಹಕಶಾನಳಿಗೆ,

ನಿನ್ನ ಚಾಚಾ ಚಿಕ್ಕಹನುಮಯ್ಯನ ಆಶೀರ್ವಾದ. ರಂಜಾನಿನಲ್ಲಿ ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ನಿನ್ನ ಚಾಚಿ ಚಿನ್ನಮ್ಮನ ಮಂಡಿನೋವು ಕಡಿಮೆ. ನನ್ನ ಜೊತೆ ಮಾತ್ರ ಮಾತು ಬಿಟ್ಟಿದ್ದಾಳೆ, ಕಾರಣ ಆಮೇಲೆ. ಚನ್ನಪಟ್ಟಣದಲ್ಲಿ ನಿನ್ನ ಬೊಂಬೆ ಕೆಲಸ ಹೇಗೆ ನಡೆದಿದೆ?

ನಮ್ಮ ಹುಣಸೆಕೆರೆ ಸ್ಟೇಷನ್ನಿಗೆ ಮತ್ತೆ ರೈಲು ಬರುತ್ತದೆ. ಜೋಡಿ ಹಳಿ ಬೇರೆ ಕಡೆ ಹಾಕಿದ ಮೇಲೆ ಕುರಿ ಕಟ್ಟುತ್ತಿದ್ದ ಜಾಗ ಅದು. ಈಗ ಹಳೇ ಉಗಿಬಂಡಿ ತಂದು ಪ್ರವಾಸಿಗರನ್ನು ಕೂರಿಸಿ ಓಡಿಸುತ್ತಾರಂತೆ, ಕೊನೇ ನಿಲ್ದಾಣ ನಮ್ಮದೇ. ರೇಷ್ಮೆಗೂಡಿನ ಮಂಕರಿ ಇಳಿಸುತ್ತಿದ್ದಲ್ಲಿ ಕಾಫಿ ಅಂಗಡಿ ಬಂದಿದೆ. ಭಾನುವಾರ ಮೊದಲ ಗಾಡಿಗೆ ಹಸಿರು ಬಾವುಟ ತೋರಿಸಲು ನನ್ನನ್ನೇ ಕರೆದಿದ್ದಾರೆ, ದಿನಾ ಹಳಿ ನೋಡಿಕೊಂಡು ಬರುತ್ತಿದ್ದ ಹಳೇ ಕೀಮ್ಯಾನ್ ಎಂದು.

ಹಿಗ್ಗಿಕೊಂಡೇ ನೋಡಲು ಹೋದೆ. ಗೋಡೆಗೆ ಸ್ಟೇಷನ್ನಿನ ಚರಿತ್ರೆಯ ಬೋರ್ಡು ಹಾಕಿದ್ದರು. ಕೊನೇ ಸಾಲು: 'ಇಲ್ಲಿ ಕೆಲಸದ ಮೇಲಿದ್ದವರು ಯಾರೂ ಜೀವ ಕಳೆದುಕೊಂಡಿಲ್ಲ.' ಮೈಯೆಲ್ಲ ಉರಿಯಿತು. ನಿನ್ನಪ್ಪ ಅಸ್ಗರ್ ಸುತ್ತಿಗೆ ಹಿಡಿದು ಹಳಿ ನೋಡುತ್ತ ಹೋಗುವಾಗಲೇ ತಾನೇ ಗಾಡಿಗೆ ಸಿಕ್ಕಿದ್ದು? ನೀನಾಗ ತೊಟ್ಟಿಲಲ್ಲಿದ್ದೆ.

ಬೋರ್ಡು ಬರೆಸಿದ ಪುನೀತನನ್ನು ಹಿಡಿದು ಕೇಳಿದೆ.

"ತಾತ, ಆವತ್ತಿನ ಡ್ಯೂಟಿ ಪುಸ್ತಕ ನೋಡಿದ್ದೀನಿ. ಅಸ್ಗರ್ ಹೆಸ್ರಿಲ್ಲ. ರಜೆ ದಿನ ಹಳಿ ಮೇಲೆ ಓಡಾಡ್ತಿದ್ರು ಅಂತೈತೆ" ಅಂದ.

"ಪುಸ್ತಕ ಸುಳ್ಳು ಕಣಪ್ಪ. ಆ ಸಾಲು ಅಳ್ಸೋಗಂಟ ನಾನು ಬಾವುಟ ಮುಟ್ಟಕ್ಕಿಲ್ಲ."

"ಅದಕ್ಕೆ ಸಾಕ್ಷಿ ಬೇಕಲ್ಲ?"

"ತತ್ತೀನಿ ಬುಡು."

ಸಾಕ್ಷಿ ಬರೆದು ಸಹಿ ಹಾಕಿ ಜೇಬಿನಲ್ಲಿಟ್ಟುಕೊಂಡಿದ್ದೇನೆ. ಭಾನುವಾರ ಎಲ್ಲರ ಮುಂದೆ ಮೈಕಿನಲ್ಲಿ ಓದುತ್ತೇನೆ, ಯಾರು ತಡೆದರೂ ಸರಿ. ನಿನ್ನಮ್ಮ ನೂರ್ಜಹಾನಳಿಗೆ ಪರಿಹಾರವಿಲ್ಲ, ಪಿಂಚಣಿಯಿಲ್ಲ. ಬಿಸಿನೀರಿನಲ್ಲಿ ಗೂಡಿನ ಜೊತೆ ಕೈಯನ್ನೂ ಬೇಯಿಸಿಕೊಂಡು ನಿನ್ನನ್ನು ಸಾಕಿದಳು. ಅವಳನ್ನೂ ಕರೆದುಕೊಂಡು ಬಾ.

ನೂರ್ಕಾಲ ಬಾಳು ತಾಯಿ. ಮಕ್ಕಳಿಗೆ ಮುತ್ತು.

ನಿನ್ನ ಚಾಚಾ,
ಚಿಕ್ಕಹನುಮಯ್ಯ

ಬಿಟ್ಟ ಮಾತು: ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಪುಸ್ತಕದಲ್ಲಿರುವುದು ನನ್ನ ಹೆಸರು. ಆವತ್ತು ನಾನು ಬಿಡದಿಗೆ ಹೆಣ್ಣು ನೋಡಲು ಹೋಗಿದ್ದೆ. "ಹೋಗ್ಲಾ, ನಿನ್ ಪಾಳಿ ನಾನ್ ನೋಡ್ಕತೀನಿ" ಎಂದು ಸುತ್ತಿಗೆ ಕಿತ್ತುಕೊಂಡವನು ನಿನ್ನಪ್ಪ. ವಿಚಾರಣೆಯಲ್ಲಿ, ಕೆಲಸ ಹೋದೀತೆಂದು, ಹಳಿ ನೋಡಿದವನು ನಾನೇ ಎಂದು ಸಹಿ ಹಾಕಿದೆ. ಚಿನ್ನಮ್ಮನಿಗೆ ಹೇಳಿದ್ದು ಮೊನ್ನೆ. "ನಲ್ವತ್ತು ವರ್ಷ ಬಾಯಲ್ಲಿ ಕಡುಬು ಇಟ್ಕೊಂಡಿದ್ರಾ?" ಅಂದಳು, ಅಷ್ಟೇ.

ಬಂದರೆ ಮುಂದಿನ ಸಾಲಿನಲ್ಲಿ ಕೂತುಕೋ. ನಾನು ಓದುವುದು ನಿನ್ನ ಮುಖ ನೋಡಿಕೊಂಡೇ.