ಆಮಂತ್ರಣ ಪತ್ರಿಕೆಯ ಕ್ರಮದಲ್ಲಿ ಆಡುವ ಬೇಸ್‌ಬಾಲ್

ಮಾನ್ಯ ತಂಡದ ವ್ಯವಸ್ಥಾಪಕರೇ,

ಕುವೈತಿನ ನಮ್ಮ ಕರಾವಳಿ ಸಂಘದ ಬೇಸ್‌ಬಾಲ್ ತಂಡವು ಈ ಋತುವಿನ ಶುಕ್ರವಾರದ ಲೀಗಿನಲ್ಲಿ ಆಡಿದ ಮೂರೂ ಪಂದ್ಯಗಳನ್ನು ಸೋತಿದೆ. ನಾಲ್ಕನೆಯದನ್ನೂ ಸೋಲುವ ಸಿದ್ಧತೆ ತಮ್ಮ ಘನ ನೇತೃತ್ವದಲ್ಲಿ ಭರದಿಂದ ಸಾಗಿದೆ. ಈ ತಂಡದಲ್ಲಿ ನೆಟ್ಟಗೆ ಚೆಂಡು ಎಸೆಯಲು ಬರುವ ಒಬ್ಬಳನ್ನು ತಾವು ಗೋಳಿಬಜೆ ಕರಿಯಲು ಕೂರಿಸಿದ್ದೀರಿ. ಆ ಒಬ್ಬಳು ನಾನು. ನನ್ನ ದೂರು ಇಷ್ಟೇ, ಉಳಿದದ್ದು ವಿವರ.

ತಾವು ನನ್ನ ಪತಿಯೂ ಹೌದು, ನಾವಿಬ್ಬರೂ ಒಂದೇ ಫ್ಲ್ಯಾಟಿನಲ್ಲಿ ವಾಸಿಸುತ್ತೇವೆ ಎಂಬುದು ಈ ಪತ್ರದ ಮಟ್ಟಿಗೆ ಅಪ್ರಸ್ತುತ. ಹಾಗಾದರೆ ಬಾಯಿಮಾತಿನಲ್ಲೇ ಹೇಳಬಹುದಿತ್ತಲ್ಲ ಎಂದು ಸಂಘದ ಸದಸ್ಯರು ಕೇಳಬಹುದು. ಹೇಳಿದ್ದೇನೆ. ಕಳೆದ ವಾರ ಊಟಕ್ಕೆ ಕೂತಾಗ ಹೇಳಿದೆ. "ಮನೆಯಲ್ಲಿ ಟೀಮಿನ ವಿಷಯ ಬೇಡ ಮಾರಾಯ್ತಿ. ಎಂತ ಇದ್ರೂ ಬರ್ದು ಕೊಡು, ನೋಡುವ" ಎಂದು ಸಾರಿಗೆ ಕೈ ಚಾಚಿದಿರಿ. ಇಗೋ, ಬರೆದು ಕೊಡುತ್ತಿದ್ದೇನೆ. ಯಾರ ಕೈಗೆ ಕೊಡಬೇಕೆಂದು ತಾವು ಹೇಳಲಿಲ್ಲವಾದ್ದರಿಂದ ಸಂಘದ ವಾಟ್ಸಾಪ್ ಗುಂಪಿಗೇ ಹಾಕುತ್ತಿದ್ದೇನೆ.

ನಾವು ಬೇಸ್‌ಬಾಲಿಗೆ ಬಂದದ್ದು ಪ್ರೀತಿಯಿಂದಲ್ಲ ಎಂಬುದು ಎಲ್ಲರಿಗೂ ಗೊತ್ತು. ಕ್ರಿಕೆಟ್ ಮೈದಾನ ಸಿಗಲಿಲ್ಲ. ಸಬ್ಹಾನಿನ ಗೋದಾಮುಗಳ ಹಿಂದಿನ ಈ ಬಯಲು ಶುಕ್ರವಾರ ಸಂಜೆ ಖಾಲಿ ಇತ್ತು. "ಬ್ಯಾಟ್ ಉಂಟು, ಬಾಲ್ ಉಂಟು, ಇನ್ನೆಂತ ಬೇಕು?" ಎಂದು ತಾವು ಸಭೆಯಲ್ಲಿ ಕೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಇನ್ನೆಂತ ಬೇಕಿತ್ತು ಎಂಬುದು ಮೊದಲ ಪಂದ್ಯದ ದಿನವೇ ತಿಳಿಯಿತು. ಯಾರು ಯಾವ ಜಾಗದಲ್ಲಿ ಆಡಬೇಕೆಂದು ಯೋಚಿಸುವ ಒಂದು ತಲೆ ಬೇಕಿತ್ತು.

ತಾವು ಆ ಯೋಚನೆಯ ಗೊಡವೆಗೇ ಹೋಗಲಿಲ್ಲ. ನಮ್ಮ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯನ್ನು ಎದುರಿಗಿಟ್ಟುಕೊಂಡು ಬ್ಯಾಟಿಂಗ್ ಕ್ರಮ ಬರೆದಿರಿ. ಮೊದಲು ಅಧ್ಯಕ್ಷರು, ಆಮೇಲೆ ಉಪಾಧ್ಯಕ್ಷರು, ಆಮೇಲೆ ಕಾರ್ಯದರ್ಶಿ, ಜೊತೆ ಕಾರ್ಯದರ್ಶಿ, ಸಾಂಸ್ಕೃತಿಕ ಕಾರ್ಯದರ್ಶಿ. ಚೆಂಡೆಸೆಯುವ ಜವಾಬ್ದಾರಿ ಖಜಾಂಚಿಗೆ. ಖಜಾನೆಗೂ ಭುಜಕ್ಕೂ ಏನು ನಂಟು ಸ್ವಾಮಿ? ಎದುರಾಳಿಗಳು ಇದನ್ನು ಪಂದ್ಯವೆಂದು ತಿಳಿದು ಆಡುತ್ತಿದ್ದಾರೆ, ತಾವು ವೇದಿಕೆಗೆ ಗಣ್ಯರನ್ನು ಕರೆಯುತ್ತಿದ್ದೀರಿ. ಇನ್ನು ಹಾರ, ಶಾಲು, ಫಲಕ ಮಾತ್ರ ಬಾಕಿ. ಔಟಾಗಿ ಬಂದವರಿಗೆ ಅದನ್ನೂ ಕೊಟ್ಟುಬಿಡಿ, ಸಮಾರಂಭ ಪೂರ್ಣವಾಗಲಿ.

ಅಧ್ಯಕ್ಷರಾದ ತನಿಯಪ್ಪಣ್ಣನ ಮೇಲೆ ನನಗೆ ಗೌರವವಿದೆ. ಸುಲೈಬಿಯಾದ ತರಕಾರಿ ಗೋದಾಮಿನ ಆಫೀಸಿನಲ್ಲಿ ನನಗೆ ಕೆಲಸ ಕೊಡಿಸಿದವರೇ ಅವರು. ಆದರೆ ಮೊದಲ ಪಂದ್ಯದಲ್ಲಿ ಆದದ್ದೇನು? ಚೆಂಡು ಹೇಗೋ ಬ್ಯಾಟಿಗೆ ತಾಗಿತು. ಎದುರಾಳಿ ಅದನ್ನು ಕೈಬಿಟ್ಟು ತಡಕಾಡಿದ. ತನಿಯಪ್ಪಣ್ಣ ಬ್ಯಾಟು ಹಿಡಿದುಕೊಂಡೇ ಓಡಿದರು, ಓಡಿ ಮುಟ್ಟಬೇಕಾದ ಬೇಸ್ ಚೌಕ ಇನ್ನೊಂದು ಮಾರು ದೂರ ಇರುವಾಗ ನಿಂತರು, ಬಗ್ಗಿ ಬ್ಯಾಟನ್ನು ಚಾಚಿ ಬೇಸಿನ ಮೇಲಿಟ್ಟು ನಮ್ಮ ಕಡೆ ನೋಡಿ ನಕ್ಕರು. ಫೋಟೋ ಕೂಡ ಇದೆ. ಅಷ್ಟರಲ್ಲಿ ಚೆಂಡು ಬಂತು, ಅಲ್ಲಿದ್ದ ಆಟಗಾರ ಅದನ್ನು ಹಿಡಿದು ಬೇಸನ್ನು ಮೆಟ್ಟಿದ, ಅಂಪೈರ್ ಔಟ್ ಅಂದ. "ಬ್ಯಾಟ್ ಒಳಗೆ ಉಂಟಲ್ಲ ಮಾರಾಯಾ, ಸರಿ ನೋಡು!" ಎಂದು ತನಿಯಪ್ಪಣ್ಣ ಬಹಳ ಹೊತ್ತು ವಾದಿಸಿದರು. ಈ ಆಟದಲ್ಲಿ ಬೇಸಿಗೆ ತಾಗಬೇಕಾದದ್ದು ಮನುಷ್ಯ, ಬ್ಯಾಟಲ್ಲ ಎಂದು ಅವರಿಗೆ ಅರ್ಥಮಾಡಿಸಲಿಕ್ಕೆ ಮೂರು ಭಾಷೆ ಬೇಕಾಯಿತು. ಎರಡನೇ ಪಂದ್ಯದಲ್ಲೂ ಅದೇ ಬ್ಯಾಟು, ಅದೇ ನಗು, ಅದೇ ಔಟ್. ಇಡೀ ಜೀವಮಾನ ಕ್ರಿಕೆಟ್ ಆಡಿದ ಕೈ, ಬಿಡು ಎಂದರೆ ಬಿಡುತ್ತದೆಯೇ? ಅದು ಅವರ ತಪ್ಪಲ್ಲ. ಮೂರನೇ ಪಂದ್ಯಕ್ಕೂ ಅವರನ್ನೇ ಮೊದಲಿಗೆ ಕಳಿಸಿದ್ದು ತಮ್ಮ ತಪ್ಪು. ಸೋತ ಮೇಲೆ ತಾವು ಹೇಳಿದ್ದು ಮೈದಾನದಲ್ಲಿ ಕಲ್ಲು ಜಾಸ್ತಿ ಎಂದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಕುಣಿಯದವರ ಮೇಲ್ವಿಚಾರಕರೂ ಅದನ್ನೇ ಹೇಳಿದರು.

ತಮಗೆ ಈ ಕೆಲಸ ಬರುವುದಿಲ್ಲವೆಂದಿದ್ದರೆ ನಾನು ಸುಮ್ಮನಿರುತ್ತಿದ್ದೆ. ಮೀನಾ ಅಬ್ದುಲ್ಲಾದ ಸೈಟಿನಲ್ಲಿ ತಾವು ನಿತ್ಯ ಮಾಡುವುದೇ ಇದನ್ನು. ಯಾರು ಯಾವ ಶಿಫ್ಟು, ಯಾರು ಕ್ರೇನಿಗೆ, ಯಾರು ಕೆಳಗೆ ನಿಲ್ಲಬೇಕು ಎಂದು ಬರೆಯುವುದರಲ್ಲಿ ತಮ್ಮಷ್ಟು ನಿಷ್ಠುರರು ಯಾರಿದ್ದಾರೆ? ತಮಗೆ ವೀಸಾ ಕೊಟ್ಟ ಧಣಿ ಕಫೀಲರ ಸ್ವಂತ ತಮ್ಮನೇ ಬಂದು ಕ್ರೇನ್ ಹತ್ತುತ್ತೇನೆಂದರೂ "ಲೈಸೆನ್ಸ್ ಇಲ್ವಾ? ಖಲಾಸ್, ಕೆಳಗೆ ಇಳಿ" ಎನ್ನುವವರು ತಾವು. ಅದೇ ಮನುಷ್ಯ ಶುಕ್ರವಾರ ಟೋಪಿ ಹಾಕಿಕೊಂಡ ಕೂಡಲೇ ಉಪಾಧ್ಯಕ್ಷರ ಭಾವನನ್ನು ಮೂರನೇ ಬೇಸಿನಲ್ಲಿ ನಿಲ್ಲಿಸುತ್ತೀರಿ, ಆತ ಚೆಂಡು ಬಂದಾಗ ಫೋನಿನಲ್ಲಿರುತ್ತಾನೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆಯನ್ನು ನಮ್ಮ ಹಿರಿಯರು ಇಷ್ಟು ಮುಂಚಿತವಾಗಿ ಹೇಗೆ ಕಟ್ಟಿದರೋ!

ಈಗ ಖಜಾಂಚಿ ರೊನಾಲ್ಡ್ ವಿಷಯ. ಪಾಪದ ಮನುಷ್ಯ. ಶುಕ್ರವಾರ ಇಗರ್ಜಿಯ ಪೂಜೆಯಲ್ಲಿ ಹಾಡಿ, ಅದೇ ಇಸ್ತ್ರಿ ಅಂಗಿಯಲ್ಲಿ ಮೈದಾನಕ್ಕೆ ಬಂದು, ಮೂರೂ ಪಂದ್ಯಗಳಲ್ಲಿ ಆರಂಭದಿಂದ ಕೊನೆಯವರೆಗೆ ಒಬ್ಬನೇ ಎಸೆದಿದ್ದಾನೆ. ಬೇರೆ ತಂಡಗಳು ನಡುವೆ ಎಸೆಯುವವರನ್ನು ಬದಲಿಸುತ್ತವೆ. ತಾವು ಬದಲಿಸಲಿಲ್ಲ. ಬದಲಿಸಿದರೆ ಖಜಾಂಚಿಗೆ ಅವಮಾನವಾಗುತ್ತದಂತೆ. ಈ ಮಾನದ ಫಲವಾಗಿ ಅವನಿಗೀಗ ತಲೆ ಬಾಚಲು ಕೈ ಎತ್ತಲಾಗುವುದಿಲ್ಲ. ಹೆಂಡತಿ ರೋಸಲಿನ್ ದಿನಾ ಮುಲಾಮು ತಿಕ್ಕುತ್ತಿದ್ದಾಳೆ. ಮೊನ್ನೆ ಅವನು ನಮ್ಮ ಮನೆಗೇ ಬಂದು, "ನನ್ನ ಭುಜ ಖಲಾಸ್ ಸರ್. ಈ ಶುಕ್ರವಾರ ಕುಸುಮಕ್ಕನಿಗೆ ಕೊಡಿ, ಅವ್ರು ನನ್ಗಿಂತ ಚಂದ ಹಾಕ್ತಾರೆ" ಎಂದು ಬೇಡಿಕೊಂಡ. ತಾವು ಚಹಾ ಹೀರಿ ಅಂದದ್ದು: "ನೋಡುವ."

ರೊನಾಲ್ಡನಿಗೆ ನನ್ನ ಎಸೆತ ಗೊತ್ತಾದದ್ದು ಅಭ್ಯಾಸದ ದಿನ. ಅಂದು ಅವನು ಬರುವುದು ತಡವಾಯಿತು. ಕೈ ಖಾಲಿ ಇದ್ದವಳು ನಾನೇ ಎಂದು ತಾವು ಚೆಂಡು ಕೊಟ್ಟಿರಿ. ಮದುವೆಗೆ ಮುಂಚೆ ನಾನು ಲಗೋರಿಯಲ್ಲಿ ಏನಾಗಿದ್ದೆ ಎಂದು ತಮಗೆ ಗೊತ್ತಿಲ್ಲ, ತಾವು ಕೇಳಲೂ ಇಲ್ಲ. ನಮ್ಮ ಕೇರಿಯಲ್ಲಿ ಬಿಲ್ಲೆಗಳ ಗೋಪುರವನ್ನು ಮೊದಲ ಎಸೆತಕ್ಕೇ ಉರುಳಿಸಲು ಹುಡುಗರೂ ನನ್ನನ್ನು ಕರೆಯುತ್ತಿದ್ದರು. ಕೈ ಮರೆತಿರಲಿಲ್ಲ. ಚೆಂಡು ಉಪಾಧ್ಯಕ್ಷರ ಬ್ಯಾಟಿಗೆ ತಾಗಲಿಲ್ಲ, ಕಾರ್ಯದರ್ಶಿಯ ಬ್ಯಾಟಿಗೂ ತಾಗಲಿಲ್ಲ, ತನಿಯಪ್ಪಣ್ಣ ಬೀಸಿದ ರಭಸಕ್ಕೆ ಒಂದು ಸುತ್ತು ತಿರುಗಿ ಬಂದಲ್ಲಿಗೇ ಬಂದರು. ಹಿಂದೆ ನಿಂತು ಚೆಂಡು ಹಿಡಿಯುತ್ತಿದ್ದ ಬಾವಾಕುಂಞಿ ಕೈಗವಸು ಬಿಚ್ಚಿ ಅಂಗೈಗೆ ಉಫ್ ಎಂದು ಊದಿಕೊಂಡ. "ಕುಸುಮಕ್ಕಾ, ಕೈ ಉರಿತದೆ ಮಾರಾಯ್ರೆ! ಇದನ್ನು ಶುಕ್ರವಾರ ಹಾಕಿದ್ರೆ ಅವ್ರು ಮನೆಗೆ ಹೋಗುದೇ" ಎಂದ. ಬೇರೆ ಯಾವ ವ್ಯವಸ್ಥಾಪಕನಾದರೂ ಕುಣಿದಾಡುತ್ತಿದ್ದ. ತಾವು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಸ್ವಲ್ಪ ಮೆಲ್ಲ ಹಾಕು, ಅವ್ರಿಗೆ ಪ್ರಾಕ್ಟೀಸ್ ಆಗ್ಬೇಡ್ವಾ?" ಎಂದಿರಿ. ನಾನು ಮೆಲ್ಲಗೆ ಹಾಕಲಿಲ್ಲ. ನನ್ನಿಂದಾಗಿ ಯಾರಿಗೂ ಅಭ್ಯಾಸವಾಗುತ್ತಿಲ್ಲವೆಂಬ ಕಾರಣಕ್ಕೆ ಮುಂದಿನ ವಾರವೇ ನನ್ನನ್ನು ಉಪಾಹಾರ ವಿಭಾಗಕ್ಕೆ ಬಡ್ತಿ ಕೊಟ್ಟು ಕಳಿಸಲಾಯಿತು.

ಅಲ್ಲಿ ನಾನು ಯಶಸ್ವಿ. ಎದುರಾಳಿಗಳು ನಮ್ಮ ಎಸೆತವನ್ನೂ ನನ್ನ ಗೋಳಿಬಜೆಯನ್ನೂ ಒಂದೇ ಖುಷಿಯಲ್ಲಿ ಚಚ್ಚಿದರು. ಎರಡನೇ ಪಂದ್ಯದಲ್ಲಿ ನಮ್ಮನ್ನು ಸೋಲಿಸಿದ ಫಿಲಿಪಿನೋ ತಂಡದಲ್ಲಿ ಚೆಂಡೆಸೆದವಳು ಒಬ್ಬ ನರ್ಸ್. ಲೀಗಿನ ನಿಯಮದಲ್ಲಿ ಹೆಂಗಸರಿಗೆ ಅಡ್ಡಿಯಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಪಂದ್ಯ ಮುಗಿದ ಮೇಲೆ ಅವಳು ಬಜೆ ತಿನ್ನುತ್ತಾ, ನೀನು ಆಡುವುದಿಲ್ಲವೇ ಎಂದು ನನ್ನನ್ನು ಕೇಳಿದಳು. ಚಟ್ನಿ ಬೇಕೇ ಎಂದು ಕೇಳಿ ಮಾತು ತಪ್ಪಿಸಿದೆ. ಆಗ ಆದ ನಾಚಿಕೆ ಇನ್ನೂ ಹೋಗಿಲ್ಲ.

ಕಾರಣವನ್ನು ತಾವು ಕೊನೆಗೂ ಹೇಳಿದ್ದು ಮೊನ್ನೆ ರೊನಾಲ್ಡ್ ಹೋದ ಮೇಲೆ. "ನಿನ್ನನ್ನು ಹಾಕಿದ್ರೆ ಜನ ಎಂತ ಹೇಳ್ತಾರೆ? ಹೆಂಡ್ತಿ ಅಂತ ಹಾಕಿದ ಅಂತ ಹೇಳುದಿಲ್ವಾ?" ಅಬ್ಬಾ, ಏನು ನ್ಯಾಯನಿಷ್ಠೆ! ಉಪಾಧ್ಯಕ್ಷರ ಭಾವ ಎಂದು ಒಬ್ಬನನ್ನು ಹಾಕಬಹುದು, ಹೆಂಡತಿಯೆಂದು ಒಬ್ಬಳನ್ನು ಬಿಡಬೇಕು. ಹಿತ್ತಲ ಗಿಡ ಮದ್ದಲ್ಲ, ಸರಿ. ಆದರೆ ಕಾಯಿಲೆ ಇಷ್ಟು ಜೋರಾದ ಮೇಲೂ ಹಿತ್ತಲಿಗೆ ಹೋಗಿ ನೋಡಬಾರದೇ?

ತಮಾಷೆ ಸಾಕು. ನೇರವಾಗಿ ಹೇಳುತ್ತೇನೆ. ನನಗೆ ಆಡಬೇಕು ಎಂದು ಆಸೆಯಿದೆ. ಈ ಊರಿಗೆ ಬಂದ ಮೇಲೆ ನಾನು ಆಫೀಸು, ಮನೆ, ಮಗಳ ಶಾಲೆ, ಸಂಘದ ಅಡುಗೆ ಎಲ್ಲವನ್ನೂ ಸಂತೋಷದಿಂದಲೇ ಮಾಡಿದ್ದೇನೆ. ನನಗಾಗಿ ಇದು ಬೇಕು ಎಂದು ಏನನ್ನೂ ಕೇಳಿದ ನೆನಪಿಲ್ಲ. ಆ ದಿನ ಚೆಂಡು ಕೈಬಿಟ್ಟು ಹೋಗಿ ಬಾವಾಕುಂಞಿಯ ಗವಸಿಗೆ ಬಡಿದ ಸದ್ದು ಕೇಳಿ ನನಗೆ ಅಳು ಬಂತು, ಖುಷಿಯಿಂದ. ತಾವದನ್ನು ನೋಡಲಿಲ್ಲ. ತನಿಯಪ್ಪಣ್ಣನಿಗೆ ಬೇಸರವಾಯಿತೇನೋ ಎಂದು ನೋಡುತ್ತಿದ್ದಿರಿ.

ಆದ್ದರಿಂದ ನನ್ನ ಆಗ್ರಹ. ಈ ಶುಕ್ರವಾರ ಮೊದಲ ಚೆಂಡಿನಿಂದ ನಾನು ಎಸೆಯಬೇಕು. ರೊನಾಲ್ಡನ ಭುಜಕ್ಕೆ ರಜೆ ಸಿಗಬೇಕು. ಚೆಂಡಿಗೆ ಬ್ಯಾಟು ತಾಗಿಸಬಲ್ಲವರು ಮೊದಲು ಆಡಲಿ, ಗಣ್ಯರು ಆಮೇಲೆ. ತನಿಯಪ್ಪಣ್ಣ ಆಡುವಾಗ, ಓಡುವ ಮೊದಲು ಅವರ ಕೈಯಿಂದ ಬ್ಯಾಟು ಬಿಡಿಸಲು ಅವರಿಗೆ ಪ್ರೀತಿಯವರೊಬ್ಬರು ಪಕ್ಕದಲ್ಲಿ ನಿಂತು ಕೂಗಲಿ.

ಜನ ಏನನ್ನುತ್ತಾರೆ ಎಂಬ ಚಿಂತೆ ತಮಗಿನ್ನು ಬೇಡ. ಆ ಉಪಕಾರವನ್ನು ನಾನು ಮಾಡಿಯಾಗಿದೆ. ಇದನ್ನು ಓದಿದ ಮೇಲೆ, ಹೆಂಡತಿಯ ಮೇಲಿನ ಮೋಹಕ್ಕೆ ತಂಡಕ್ಕೆ ಸೇರಿಸಿಕೊಂಡ ಎಂದು ತಮ್ಮನ್ನು ಕುವೈತಿನಲ್ಲಿ ಯಾರೂ ಆಡಿಕೊಳ್ಳಲಾರರು. ಮಗಳು ನವ್ಯಶ್ರೀಗೆ ಓದಿ ಹೇಳಿದೆ. "ಅಮ್ಮಾ, ದಿಸ್ ಈಸ್ ಟೂ ಮಚ್" ಎಂದಳು. ಆಮೇಲೆ ತಾನೇ, "ಬಟ್ ಸೆಂಡ್ ಇಟ್" ಎಂದಳು.

ಕಳಿಸುತ್ತಿದ್ದೇನೆ. ತಮ್ಮ ಫೋನು ಹೊರಗಿನ ಕೋಣೆಯಲ್ಲಿ ಸದ್ದು ಮಾಡುವುದು ನನಗೆ ಅಡುಗೆಮನೆಗೆ ಕೇಳಿಸುತ್ತದೆ. ಓದಿ ಮುಗಿಸಿ ಒಳಗೆ ಬನ್ನಿ. ಹೂಂ ಅಥವಾ ಇಲ್ಲ, ಎರಡರಲ್ಲಿ ಒಂದು ಹೇಳಿದರೆ ಸಾಕು. ಹೂಂ ಎನ್ನುವುದಾದರೆ ಶುಕ್ರವಾರದ ಬಜೆಗೆ ಹಿಟ್ಟು ಕಲಸುವುದನ್ನು ನಿಮಗೆ ಈಗಲೇ ಕಲಿಸಿಕೊಡುತ್ತೇನೆ. ಆ ಸ್ಥಾನ ಖಾಲಿಯಾಗುತ್ತದಲ್ಲ. ದಯವಿಟ್ಟು "ನೋಡುವ" ಎನ್ನಬೇಡಿ. ಶುಕ್ರವಾರ ಮೈದಾನಕ್ಕೆ ಬನ್ನಿ, ಅಲ್ಲೇ ನೋಡುವಿರಂತೆ.

ಇಂತಿ,
ಒಲೆಯ ಮುಂದಿನಿಂದ, ಬಲಗೈ ಇನ್ನೂ ಗಟ್ಟಿಯಿರುವ
ಕುಸುಮಾವತಿ
ಉಪಾಹಾರ ವಿಭಾಗ (ರಾಜೀನಾಮೆ ನೀಡಲಾಗಿದೆ)