ಕುರ್ಚಿಯಿಂದ ಏಳುವ ಮುದುಕ

ಮಾರ್ಚ್ 3, ಸೋಮವಾರ

ಕಾರ್ಟೂನ್ ಸ್ಟುಡಿಯೋದಲ್ಲಿ ಇವತ್ತೂ ಮತ್ತೆ ನಡುವಿನ ಚಿತ್ರಗಳು. ಮೇಷ್ಟ್ರು ಮೊದಲ ಭಂಗಿ, ಕೊನೆಯ ಭಂಗಿ ಬರೆದು ಕೊಡ್ತಾರೆ. ನಡುವೆ ತುಂಬಿಸೋದು ನಾನು. ಅಕ್ಕನಿಗೂ ತಮ್ಮನಿಗೂ ನಡುವೆ ಹುಟ್ಟಿದವಳಿಗೆ ಬೇರೆ ಕೆಲಸ ಸಿಗುತ್ತಾ! ಹಾಳೆಗೆ ಕೆಳಗಿಂದ ಬೆಳಕು ಕೊಡೋ ಲೈಟ್ ಬಾಕ್ಸ್ ಮೇಲೆ ಬಗ್ಗಿ ಬಗ್ಗಿ ಕತ್ತು ಹಿಡಿದಿದೆ. ಕೇಳಿಯೇಬಿಟ್ಟೆ — ನನಗೂ ಒಂದು ಪಾತ್ರ ಪೂರ್ತಿ ಕೊಡಿ ಸಾರ್.

"ಒಬ್ಬ ಮುದುಕನ್ನ ಕುರ್ಚಿಯಿಂದ ಏಳಿಸು, ನೋಡೋಣ. ಎದ್ದರೆ ಹೊಸ ಸಿನಿಮಾದ ಅಜ್ಜ ನಿನ್ನವನು. ಇಲ್ಲದಿದ್ರೆ ಈ ಮೇಜೇ ಗತಿ."

ಅಷ್ಟೇನಾ, ಅಂದುಕೊಂಡೆ.

ಮಾರ್ಚ್ 6

ಮುದುಕ ಎದ್ದ. ಭಾರವೇ ಇಲ್ಲದ ಬಲೂನಿನ ಹಾಗೆ. ಮೇಷ್ಟ್ರು ಹಾಳೆಗಳನ್ನ ಸರಸರ ತಿರುವಿದರು, ಮತ್ತೆ ತಿರುವಿದರು.

"ಎಲ್ಲಾ ಚಿತ್ರಾನೂ ಸಮಸಮ ದೂರಕ್ಕೆ ಇಟ್ಟಿದೀಯಲ್ಲಮ್ಮ. ಆಸ್ತಿ ಪಾಲು ಮಾಡ್ತಿದೀಯಾ?"

ಇಡೀ ರೂಮು ನಕ್ಕಿತು. ನಾನೂ ನಕ್ಕೆ. ಮನೇಲಿ ಹಣ್ಣು ಹೆಚ್ಚಿದರೂ ಎಲ್ಲರಿಗೂ ಸಮ ಬರಬೇಕು ನನಗೆ. ಅಭ್ಯಾಸ ಪೆನ್ಸಿಲಿಗೂ ಇಳಿದಿದೆ.

ಮಾರ್ಚ್ 9, ಭಾನುವಾರ

ಅಪ್ಪ ಪೇಪರ್ ಓದಿ ಏಳೋದನ್ನ ಕದ್ದು ನೋಡಿ ಗೀಚಿದೆ. ಸಮ ಎಲ್ಲಿ ಬಂತು! ಮುಂದೆ ಬಾಗ್ತಾರೆ, ಅಲ್ಲೇ ಇರ್ತಾರೆ, ಇರ್ತಾರೆ... ಆಮೇಲೆ ಒಂದೇ ಏಟಿಗೆ ಮೇಲೆ. ಕೈ ಮೇಜಿನ ಅಂಚು ಬಿಡಲ್ಲ. ನಾನು ನೋಡಿದ್ದು ಗೊತ್ತಾಗಿ ಮೇಜು ಒರೆಸುವ ಹಾಗೆ ನಟಿಸಿದರು.

"ಮಂಡಿ ಕೈ ಕೊಡ್ತಿದೆಯಾ ಅಪ್ಪಾ?"

"ಮಂಡಿಗೆಲ್ಲಿದೆ ಕೈ? ಹೋಗೆ, ನಿನ್ನ ಗೊಂಬೆ ನೋಡ್ಕೋ."

ನಕ್ಕು ಗೀಚೋದು ಮುಂದುವರಿಸಿದೆ.

ಮಾರ್ಚ್ 17

ಬರೆದು, ಹರಿದು, ಬರೆದು... ಬಾಗುವಲ್ಲಿ ಚಿತ್ರ ಒತ್ತೊತ್ತಾಗಿ, ಏಳುವಲ್ಲಿ ದೂರ ದೂರ. ಇವತ್ತು ಮುದುಕ ಎದ್ದ, ಮೈಭಾರ ಹೊತ್ತು ಎದ್ದ. ಮೇಷ್ಟ್ರು ನಗಲಿಲ್ಲ.

"ಅಜ್ಜ ನಿನ್ನವನು." ಮತ್ತೆ ಹಾಳೆ ತಿರುವುತ್ತಾ — "ಬಲಗಾಲು ಊರ್ತಾನೇ ಇಲ್ಲ ಇವನು. ತುಂಬಾ ನೋವಿದೆ. ಹೇಗೆ ಹೊಳೀತು ನಿಂಗೆ?"

ಹೊಳೆದಿರಲಿಲ್ಲ. ಅಪ್ಪನಲ್ಲಿ ಕಂಡದ್ದನ್ನ ಬರೆದಿದ್ದೆ ಅಷ್ಟೇ. ಕುಣಿದಾಡಬೇಕಾದ ದಿನ, ಬಸ್ಸಿನಲ್ಲಿ ಅಳು ಬಂತು.

ಅದೇ ದಿನ, ಸಂಜೆ

ಮುದುಕ ಏಳೋದನ್ನ ಫೋನಲ್ಲಿ ಅಪ್ಪನಿಗೆ ತೋರಿಸಿದೆ. ಮತ್ತೆ ಹಾಕು ಅಂದರು. ಮತ್ತೆ.

"ಪಾಪ. ಇವನಿಗೆ ಯಾರೂ ಇಲ್ವೇನೆ, ಒಂದು ಕೈ ಕೊಡೋಕೆ?"

ಫೋನ್ ಕೆಳಗಿಟ್ಟೆ. ಆಮೇಲೆ, ನಾಳೆ ಡಾಕ್ಟರ್ ಹತ್ತಿರ ಹೋಗೋಣ ಅಂದೆ. ನೋಡೋಣ ಅಂದರು. ಎದುರಿನ ಕುರ್ಚಿಯಲ್ಲೇ ಇದ್ದಾರೆ, ನಾನು ಬರೆಯೋದನ್ನ ನೋಡ್ತಾ. ಈಗ ಮುಂದೆ ಬಾಗಿದರು. ಅಲ್ಲೇ ಇದ್ದಾರೆ. ಇದ್ದಾರೆ... ಕೈ ಮೇಜಿನ ಕಡೆ ಹೋಗಲಿಲ್ಲ, ನನ್ನ ಕಡೆ ಬಂತು. ಪೆನ್ನು ಇಡ್ತೀನಿ.